ಕರೆಂಟ್ ಚಿಕಿತ್ಸೆಯ ಬಾಯಿಹುಣ್ಣು: ಉಪ್ಪು-ಸೋಡಾ ನೀರನ್ನು ಮೊದಲ ದಿನವೇ ಕೊಡಲಾರಂಭಿಸಿದ್ದು

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನೀಡುವ ವಿಭಾಗದಲ್ಲಿ ನಾನು ಹಲವು ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ನಮ್ಮಲ್ಲಿಗೆ ಬರುವವರು ಇದನ್ನು ‘ಕರೆಂಟ್ ಇಡುವುದು’ ಎನ್ನುತ್ತಾರೆ. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಜಗಿದು ಕೆನ್ನೆಯ ಒಳಗೆ ಗಡ್ಡೆಯಾದವರು ಅವರಲ್ಲಿ ಬಹಳ. ವಾರಕ್ಕೆ 5 ದಿನ, ದಿನಕ್ಕೆ ಸಾಮಾನ್ಯವಾಗಿ 2 ಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ಲೆಕ್ಕದಲ್ಲಿ, ಆರೇಳು ವಾರ ಚಿಕಿತ್ಸೆ ನಡೆಯುತ್ತದೆ.

ಬಾಯಿಯ ಒಳಪದರದ ಜೀವಕೋಶಗಳು ಬೇಗ ಸವೆದು ಬೇಗ ಹುಟ್ಟುವಂಥವು. ವಿಕಿರಣ ಆ ಹುಟ್ಟನ್ನೇ ತಡೆಯುವುದರಿಂದ ಎರಡನೆಯ ವಾರದ ಹೊತ್ತಿಗೆ ಬಾಯಿ ಕೆಂಪಾಗುತ್ತದೆ, ಮೂರನೆಯ ವಾರದ ಸುಮಾರಿಗೆ ಹುಣ್ಣಾಗುತ್ತದೆ, ಜೊಲ್ಲು ಅಂಟಂಟಾಗುತ್ತದೆ. ಇದನ್ನು ಉಷ್ಣವೆಂದು ತಿಳಿದು, ಮೆಡಿಕಲ್ ಅಂಗಡಿಯ ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತಾ ದಿನ ದೂಡುವವರನ್ನು ಈಗಲೂ ಕಾಣುತ್ತೇನೆ.

ಮೊದಮೊದಲು ನಾನೂ ಹುಣ್ಣು ಕಾಣಿಸಿದ ಮೇಲೆಯೇ ಬಾಯಿಯ ಆರೈಕೆಯನ್ನು ಹೇಳಿಕೊಡುತ್ತಿದ್ದೆ. ಬರಿಯ ನೀರು ಸೋಕಿದರೂ ಉರಿಯುವ ಬಾಯಿಗೆ ಹೊಸ ಅಭ್ಯಾಸ ಹಿಡಿಯುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಆದ್ದರಿಂದ ಈಗ ಮೊದಲ ದಿನವೇ, ಮನೆಯವರ ಎದುರಿನಲ್ಲಿಯೇ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ತೋರಿಸುತ್ತೇನೆ. ಪ್ರತಿದಿನ ಹೊಸದಾಗಿ ಮಾಡಿಕೊಂಡು, ಎಚ್ಚರವಿರುವಾಗ ಎರಡು ಮೂರು ಗಂಟೆಗೊಮ್ಮೆ, ಊಟವಾದ ಮೇಲೆ ಮತ್ತು ಮಲಗುವ ಮುನ್ನ ತಪ್ಪದೆ, ಬಾಯಿ ಮುಕ್ಕಳಿಸಿ ಉಗುಳಬೇಕು. ಹಲ್ಲಿಗೆ ತೀರ ಮೃದುವಾದ ಬ್ರಷ್ ಸಾಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡವೇ ಬೇಡ.

ನಾಲ್ಕನೆಯ ವಾರದಲ್ಲಿದ್ದ ರೈತರೊಬ್ಬರು ಒಂದು ಬೆಳಿಗ್ಗೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಬಂದು, “ಸಿಸ್ಟರ್, ಒಂದು ವಾರ ಬಿಟ್ಟು ಬರ್ತೀನಿ, ಹುಣ್ಣು ಮಾಯ್ಲಿ” ಎಂದರು. ಟಾರ್ಚ್ ಹಿಡಿದು ನೋಡಿದೆ. ನಾಲಿಗೆಯ ಅಂಚಿನಲ್ಲಿ ಹಲ್ಲು ತಾಗುವ ಕಡೆಯೆಲ್ಲ ಹಸಿ ಹುಣ್ಣು. ಅಂಗುಳಿನಲ್ಲಿ ಮಾತ್ರ ಒಡೆದ ಮೊಸರಿನಂತಹ ಬಿಳಿ ಮಚ್ಚೆಗಳು, ಹತ್ತಿಯಿಂದ ಒರೆಸಿದರೆ ಎದ್ದು ಬರುತ್ತಿದ್ದವು. ಅದು ಶಿಲೀಂಧ್ರದ ಸೋಂಕಿರಬಹುದೆಂದು ಅನ್ನಿಸಿ ಆಗಲೇ ವೈದ್ಯರಿಗೆ ತೋರಿಸಿದೆ. ಅದಕ್ಕೆ ಔಷಧ, ನೋವಿಗೆ ಮಾರ್ಫಿನ್, ಊಟಕ್ಕೆ ಮುಂಚೆ ಬಾಯಿ ಮರಗಟ್ಟಿಸುವ ದ್ರವ, ಇಷ್ಟನ್ನೂ ಬರೆದುಕೊಟ್ಟರು. ನಡುವೆ ದಿನಗಳು ಬಿಟ್ಟುಹೋದರೆ ಗಡ್ಡೆಯ ಜೀವಕೋಶಗಳು ಮತ್ತೆ ಬೆಳೆಯಲು ಎಡೆಯಾಗುತ್ತದೆ ಎಂಬುದನ್ನು ಅವರಿಗೆ ಕೈ ಹಿಡಿದು ಕೂರಿಸಿಕೊಂಡು ಹೇಳಿದೆ. ನೋವು ತಡೆದುಕೊಂಡೇ ಇರಬೇಕು ಎಂಬ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿದೆ. ನೋವಿನ ಔಷಧವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಂಡವರೇ ಚಿಕಿತ್ಸೆಯನ್ನು ಪೂರ್ತಿ ಮುಗಿಸುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಆಹಾರಕ್ಕೆ ಆರಿದ ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಹೆಸರುಬೇಳೆ-ಅನ್ನ, ಹುಳಿಯಿಲ್ಲದ ಮಜ್ಜಿಗೆ, ಹಾಲಿನಲ್ಲಿ ಕದಡಿದ ಮೊಟ್ಟೆಯ ಕಸ್ಟರ್ಡ್ ಹೇಳುತ್ತೇನೆ. ಪ್ರತಿ ಸೋಮವಾರ ತೂಕ ನೋಡುತ್ತೇನೆ. ಇಳಿಯುತ್ತಲೇ ಹೋದರೆ ಮೂಗಿನ ಮೂಲಕ ಆಹಾರ ಕೊಡುವ ನಳಿಕೆಗೆ ಒಪ್ಪಿಸಲು ತಡಮಾಡುವುದಿಲ್ಲ.

ಆ ರೈತರು ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ದಿನ ಅವರ ಹೆಂಡತಿ, ಖಾರದ ಸಾರು ಯಾವಾಗ ಬಡಿಸಬಹುದೆಂದು ಕೇಳಿದರು. ಚಿಕಿತ್ಸೆ ಮುಗಿದ ಮೇಲೂ ಹುಣ್ಣು ಮಾಯಲು ಕೆಲವು ವಾರಗಳು ಬೇಕು, ಅಲ್ಲಿಯವರೆಗೆ ಉಪ್ಪು-ಸೋಡಾ ನೀರಿನ ಬಾಟಲಿ ಹತ್ತಿರವೇ ಇರಲಿ ಎಂದು ಹೇಳಿ ಕಳುಹಿಸಿದೆ.