ನೀರಿನ ಜೆಟ್ಟಿನ ಚಿನ್ನದ ಗಣಿಗೆ ಬಂಡವಾಳ ಕೂಡಿಸುವುದು ಹೇಗೆ: ಹಾಸನ, ಚಿಕ್ಕಮಗಳೂರಿನವರಿಗೆ

ಮೊದಲು ಜಾಗದ ಮಾತು. ಹೇಮಾವತಿಯ ದಂಡೆಯಲ್ಲೋ ಭದ್ರೆಯ ದಂಡೆಯಲ್ಲೋ ಒತ್ತಡದ ನೀರಿನ ಜೆಟ್ ಹಿಡಿದು ಗರಸು ಕೊಚ್ಚಿ ಚಿನ್ನ ತೊಳೆಯುವ ಯೋಜನೆ ಯಾರಾದರೂ ತಂದರೆ ಅಲ್ಲಿಗೇ ಮಾತು ಮುಗಿಸಿ. 1957ರ ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದ ಮೇಲೆ ಚಿನ್ನದ ಹಕ್ಕು ಸಿಗುವುದು ಹರಾಜಿನಲ್ಲಿ. ಪಹಣಿ ನಿಮ್ಮ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ತೆಗೆಯುವ ಹಕ್ಕು ಬರುವುದಿಲ್ಲ. ಹಾಸನ ಜಿಲ್ಲೆಯ ಕೆಂಪಿನಕೋಟೆಯಲ್ಲಿ ಹಳೆಯ ಚಿನ್ನದ ಗುಂಡಿಗಳಿವೆ, ನಿಜ. ಆದರೆ ಅಲ್ಲಿರುವುದು ಗಟ್ಟಿ ಬಂಡೆಯೊಳಗಿನ ಚಿನ್ನ, ಅದಕ್ಕೆ ನೀರು ಹಾಯಿಸಿ ಪ್ರಯೋಜನವಿಲ್ಲ. ಜೆಟ್ಟು ಕೆಲಸ ಮಾಡುವುದು ನದಿ ತಂದು ಹಾಕಿದ ಸಡಿಲ ಗರಸಿನಲ್ಲಿ ಮಾತ್ರ.

ಆದ್ದರಿಂದ ಇಲ್ಲಿಂದ ಹಣ ಹೋಗುವುದಿದ್ದರೆ ಅದು ಹೊರದೇಶದ ನೆಲಕ್ಕೆ. ಅಲ್ಲೂ ಹಕ್ಕಿನ ಕಾಗದವೇ ಮೊದಲು. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಸಣ್ಣ ಮತ್ತು ಮಧ್ಯಮ ಗಾತ್ರದ ಗಣಿ ಪರವಾನಗಿ ಅಲ್ಲಿನ ನಾಗರಿಕರಿಗಷ್ಟೇ ಸಿಗುತ್ತದೆ. ಹೊರಗಿನವರು ಅವರ ಜೊತೆ ಜಂಟಿ ಒಪ್ಪಂದದಲ್ಲಿ ಸೇರಬಹುದು. ಘಾನಾದಲ್ಲಿ ಸಣ್ಣ ಗಣಿಯ ಪರವಾನಗಿ ವಿದೇಶಿಯರಿಗೆ ಇಲ್ಲವೇ ಇಲ್ಲ. ಪರವಾನಗಿ ಸ್ಥಳೀಯ ಪಾಲುದಾರನ ಹೆಸರಿನಲ್ಲಿದ್ದರೆ ಹೂಡಿಕೆದಾರನ ಕೈಗೆ ಬರುವುದು ಗಣಿಯಲ್ಲ, ಒಂದು ಒಪ್ಪಂದ ಪತ್ರ. ಅದನ್ನು ಆ ದೇಶದ ವಕೀಲರಿಂದ ಓದಿಸಿ, ಅವರ ಅಭಿಪ್ರಾಯವನ್ನು ಬರಹದಲ್ಲೇ ತರಿಸಿಕೊಳ್ಳಿ. ಇದಿಲ್ಲದೆ ಒಬ್ಬರಿಂದಲೂ ಒಂದು ರೂಪಾಯಿ ಕೇಳಬಾರದು.

ಪರೀಕ್ಷೆಯ ಹಣ ಬೇರೆ, ಗಣಿಯ ಹಣ ಬೇರೆ

ಒಂದೇ ಸಲಕ್ಕೆ ಪೂರ್ತಿ ಮೊತ್ತ ಎತ್ತುವುದೇ ಹೆಚ್ಚಿನ ಯೋಜನೆಗಳನ್ನು ಕೆಡಿಸುವುದು. ಯಂತ್ರ ಬಂದು ಇಳಿದಿರುತ್ತದೆ, ನೆಲದಲ್ಲಿ ಏನಿದೆ ಎಂಬುದು ಆಮೇಲೆ ತಿಳಿಯುತ್ತದೆ. ಮೊದಲ ಸುತ್ತಿನಲ್ಲಿ ಗುಂಡಿ ತೋಡಿ ಪರೀಕ್ಷಿಸುವಷ್ಟೇ ಹಣ ಕೂಡಿಸಿ. ಅದು ಪೂರ್ತಿ ಹೋದರೂ ತಡೆದುಕೊಳ್ಳಬಲ್ಲ ನಾಲ್ಕೈದು ಜನರಿಂದ ಮಾತ್ರ ತೆಗೆದುಕೊಳ್ಳಿ.

ಪರೀಕ್ಷೆ ಎಂದರೆ ಬಾಣಲೆಯಲ್ಲಿ ತೊಳೆದು ಹೊಳೆಯುವ ಕಣದ ಫೋಟೋ ತೆಗೆಯುವುದಲ್ಲ. ಬಾಣಲೆಗೆ ಹಿಡಿಯುವುದು ಸುಮಾರು 5 ಲೀಟರ್ ಗರಸು. ಅದರಲ್ಲಿ 10 ಮಿಲಿಗ್ರಾಂನ ಒಂದೇ ಒಂದು ಕಣ ಸಿಕ್ಕರೂ ಲೆಕ್ಕದಲ್ಲಿ ಘನ ಮೀಟರಿಗೆ 2 ಗ್ರಾಂ ಆಗಿಬಿಡುತ್ತದೆ. ಪಕ್ಕದ ಬಾಣಲೆಯಲ್ಲಿ ಸೊನ್ನೆ. ಚಿನ್ನ ಸಾಮಾನ್ಯವಾಗಿ ಕೂತಿರುವುದು ತಳಬಂಡೆಯ ಹತ್ತಿರ. ಹಾಗಾಗಿ ಸಾಲು ಹಿಡಿದು, ಪ್ರತಿ ಗುಂಡಿಯನ್ನೂ ಬಂಡೆ ಮುಟ್ಟುವವರೆಗೆ ಇಳಿಸಿ, ಒಂದೊಂದರಿಂದಲೂ ಕನಿಷ್ಠ ಒಂದು ಘನ ಮೀಟರ್ ಗರಸನ್ನು ಸಣ್ಣ ಸ್ಲೂಸಿನಲ್ಲಿ (ನೀರು ಹರಿಸಿ ಚಿನ್ನವನ್ನು ತಳದಲ್ಲಿ ನಿಲ್ಲಿಸುವ ಇಳಿಜಾರಿನ ಪೆಟ್ಟಿಗೆ) ತೊಳೆಯಬೇಕು. ಮೇಲಿನ ಬರಡು ಮಣ್ಣು ಎಷ್ಟು ದಪ್ಪ, ಜೇಡಿ ಎಷ್ಟು, ದೊಡ್ಡ ಕಲ್ಲು ಎಷ್ಟು ಎಂಬುದೂ ಪುಸ್ತಕಕ್ಕೆ ಏರಬೇಕು. ಮಾದರಿ ಚೀಲಗಳಿಗೆ ನಂಬರಿನ ಸೀಲ್ ಹಾಕಿ. ಜಾಗ ಮಾರುವವನ ಆಳುಗಳ ಕೈಗೆ ಅವು ಹೋಗದಿರಲಿ. ಚಿನ್ನದ ಪುಡಿ ಉದುರಿಸಿ ಮಾದರಿ ಕೆಡಿಸುವುದು ಈ ಕಸುಬಿನ ಅತ್ಯಂತ ಹಳೆಯ ಮೋಸ.

ಅಳತೆಯಲ್ಲೂ ಒಂದು ಕುಣಿಕೆಯಿದೆ. ನೆಲದಲ್ಲಿದ್ದ 1 ಘನ ಮೀಟರ್ ಗರಸು ಅಗೆದು ಹಾಕಿದರೆ ಸುಮಾರು 1.25 ಆಗಿ ಉಬ್ಬುತ್ತದೆ. ಪರೀಕ್ಷೆಯನ್ನು ನೆಲದ ಅಳತೆಯಲ್ಲಿ ಮಾಡಿ, ಯಂತ್ರದ ಕೆಲಸವನ್ನು ಸಡಿಲ ಮಣ್ಣಿನ ಲೋಡುಗಳಲ್ಲಿ ಎಣಿಸಿದರೆ ಆದಾಯ ಕಾಗದದ ಮೇಲೇ ಕಾಲುಪಾಲು ಹೆಚ್ಚುತ್ತದೆ. ಇಡೀ ವರದಿಗೆ ಒಂದೇ ಅಳತೆ ಇರಲಿ, ಯಾವುದೆಂದು ಮೊದಲ ಪುಟದಲ್ಲೇ ಬರೆಯಿರಿ.

ಹೂಡಿಕೆದಾರನ ಮುಂದೆ ಇಡುವ ಲೆಕ್ಕ

50 ಮಿಲಿಮೀಟರ್ ಬಾಯಿಯ ಮಾನಿಟರಿಗೆ (ಜೆಟ್ ಚಿಮ್ಮಿಸುವ ನಳಿಕೆ) 50 ಮೀಟರ್ ಎತ್ತರದಿಂದ ಇಳಿದಷ್ಟು ಒತ್ತಡದ ನೀರು ಕೊಟ್ಟರೆ ಸೆಕೆಂಡಿಗೆ ಸುಮಾರು 58 ಲೀಟರ್, ಗಂಟೆಗೆ 208 ಘನ ಮೀಟರ್ ನೀರು ಹೊರಡುತ್ತದೆ. ಪೈಪಿನ ನಷ್ಟ, ಎತ್ತರ ಎಲ್ಲ ಸೇರಿ ಪಂಪು 60 ಮೀಟರ್ ಕೊಡಬೇಕೆಂದು ಹಿಡಿಯಿರಿ. ಪಂಪಿನ ದಕ್ಷತೆ 65% ಇದ್ದರೆ ಶಾಫ್ಟಿಗೆ 70 ಎಚ್‌ಪಿ ಬೇಕು. 90 ಎಚ್‌ಪಿ ಎಂಜಿನ್ ಇಟ್ಟರೆ ಕ್ಷೇಮ. ಡೀಸೆಲ್ ಗಂಟೆಗೆ 14 ಲೀಟರ್ ಆಸುಪಾಸು. ಗರಸು ಎತ್ತುವ ಗ್ರಾವೆಲ್ ಪಂಪು, ಅಗೆಯುವ ಯಂತ್ರದ ಡೀಸೆಲ್ ಇದರ ಮೇಲೆ.

1 ಘನ ಮೀಟರ್ ಗರಸಿಗೆ 15 ಘನ ಮೀಟರ್ ನೀರು ಎಂದರೆ ಗಂಟೆಗೆ 14, ಎಂಟು ಗಂಟೆಗೆ 112 ಘನ ಮೀಟರ್ ಗರಸು. ಜೇಡಿ ಜಾಸ್ತಿಯಿದ್ದರೆ ಇದು ಅರ್ಧಕ್ಕೂ ಇಳಿಯಬಹುದು. ಲೆಕ್ಕದ ಅನುಕೂಲಕ್ಕೆ ಚಿನ್ನದ ಶುದ್ಧತೆ 88%, ಶುದ್ಧ ಚಿನ್ನದ ಬೆಲೆ ಗ್ರಾಂಗೆ ₹8,000 ಎಂದಿಟ್ಟುಕೊಳ್ಳಿ. ಘನ ಮೀಟರಿಗೆ 0.3 ಗ್ರಾಂ ಕೈಗೆ ಬಂದರೆ ದಿನದ ಆದಾಯ ಸುಮಾರು ₹2.37 ಲಕ್ಷ. 0.1 ಗ್ರಾಂ ಬಂದರೆ ₹79 ಸಾವಿರ. ದಿನದ ಖರ್ಚು ₹1.2 ಲಕ್ಷವಾದರೆ ನಷ್ಟ-ಲಾಭದ ಗೆರೆ 0.15 ಗ್ರಾಂನಲ್ಲಿದೆ. ಈ ಮೂರು ಸಾಲನ್ನೂ ತೋರಿಸಿ. ಒಂದೇ ಸಾಲು, ಅದೂ ಮೇಲಿನದು, ತೋರಿಸುವವನನ್ನು ನಂಬಬೇಡಿ.

ಕೈಗೆ ಬಂದದ್ದು ಎಂಬ ಮಾತಿಗೆ ಒತ್ತು ಕೊಡಬೇಕು. ಸ್ಲೂಸಿನ ಕೆಲಸ ಪಲ್ಪಿಂಗ್ ಯಾರ್ಡಿನಲ್ಲಿ ಕಾಫಿ ಬೀಜ ತೊಳೆದು ಬೇರ್ಪಡಿಸುವ ಕಾಲುವೆಯ ಹಾಗೆ: ಭಾರದ್ದು ತಳಕ್ಕೆ, ಹಗುರದ್ದು ಮುಂದಕ್ಕೆ. ಇಳಿಜಾರು 12 ಅಡಿಗೆ 1 ಅಡಿಯಿಂದ 8 ಅಡಿಗೆ 1 ಅಡಿಯವರೆಗೆ ಇಡುತ್ತಾರೆ. ಗರಸು ಅತಿಯಾಗಿ ಸುರಿದರೆ ತಳದ ಅಡ್ಡಪಟ್ಟಿಗಳಾದ ರಿಫಲ್‌ಗಳ ನಡುವಿನ ಜಾಗ ಗಟ್ಟಿಯಾಗಿ ತುಂಬಿ ಚಿನ್ನ ಮೇಲೆಯೇ ಜಾರಿ ಹೋಗುತ್ತದೆ. ಜೇಡಿ ಒಡೆಯದಿದ್ದರೆ ಉಂಡೆಗಳು ಉರುಳುತ್ತಾ ರಿಫಲ್‌ನಲ್ಲಿ ಕೂತ ಚಿನ್ನವನ್ನೂ ಅಂಟಿಸಿಕೊಂಡು ಹೊರಗೆ ಒಯ್ಯುತ್ತವೆ. ಹಿಟ್ಟಿನಂಥ ಸಣ್ಣ ಚಿನ್ನ ಸ್ಲೂಸಿನಲ್ಲಿ ನಿಲ್ಲುವುದು ಕಡಿಮೆ. ಅದಕ್ಕೆ ಪಾದರಸ ಎನ್ನುವವರನ್ನು ದೂರವಿಡಿ, ಅಲುಗಾಡಿಸಿ ಬೇರ್ಪಡಿಸುವ ಶೇಕಿಂಗ್ ಟೇಬಲ್ಲಿಗೆ ಬಜೆಟ್ ಇಡಿ.

ಹೂಳು ಎಲ್ಲಿಗೆ?

ನಮ್ಮ ಕಡೆಯ ಹೂಡಿಕೆದಾರ ಇದನ್ನು ಕೇಳಿಯೇ ಕೇಳುತ್ತಾನೆ. ಕುದುರೆಮುಖದ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಮುಚ್ಚಿದ್ದು ಎಲ್ಲರಿಗೂ ಗೊತ್ತು. ಕ್ಯಾಲಿಫೋರ್ನಿಯಾದಲ್ಲೂ ನೀರಿನ ಜೆಟ್ಟಿನ ದೊಡ್ಡ ಗಣಿಗಳು ನಿಂತದ್ದು ಚಿನ್ನ ಮುಗಿದು ಅಲ್ಲ. ಹೂಳು ನದಿಗಿಳಿದು ಕೆಳಗಿನ ಹೊಲಗಳು ಹಾಳಾದವೆಂದು ಹಾಕಿದ ದಾವೆಯಲ್ಲಿ 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ತಡೆಯಾಜ್ಞೆ ಕೊಟ್ಟರು. ಆದ್ದರಿಂದ ಹೂಳಿನ ಕೊಳವನ್ನು ಸಣ್ಣ ಖರ್ಚೆಂದು ಕೊನೆಗೆ ತಳ್ಳಬೇಡಿ. ಮೇಲಿನ ಹರಿವಿಗೆ 8 ಗಂಟೆ ನೀರು ನಿಲ್ಲಬೇಕೆಂದರೆ ಸುಮಾರು 1,700 ಘನ ಮೀಟರ್ ಕೊಳ ಬೇಕು. ಅದು ದಿನದಿನಕ್ಕೆ ಹೂಳಿನಿಂದಲೇ ತುಂಬುವುದರಿಂದ ಎರಡನೆಯ ಕೊಳವೂ ಸಿದ್ಧವಿರಲಿ. ಜೇಡಿ ಇಷ್ಟಕ್ಕೂ ತಿಳಿಯಾಗದಿದ್ದರೆ ಹೂಳನ್ನು ಗಂಟುಕಟ್ಟಿಸಿ ತಳಕ್ಕಿಳಿಸುವ ರಾಸಾಯನಿಕದ (ಫ್ಲಾಕ್ಯುಲಂಟ್) ಖರ್ಚನ್ನೂ ಸೇರಿಸಿ. ತಿಳಿನೀರು ಮತ್ತೆ ಪಂಪಿಗೇ ಬರಬೇಕು.

ಹಣ ತೆಗೆದುಕೊಳ್ಳುವ ಕ್ರಮ

ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಕೊಡುತ್ತೇವೆ ಎಂದು ಬಾಂಡ್ ಪೇಪರಿನಲ್ಲಿ ಬರೆದು ಹಣ ಎತ್ತುವುದು ಇಲ್ಲಿನ ರೂಢಿ. ಹಾಗೆ ಊರವರಿಂದ ಕೂಡಿಸಿದರೆ ಅದು ಠೇವಣಿಯಾಗುತ್ತದೆ; 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯಡಿ ಜೈಲಿನವರೆಗೂ ಹೋಗುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ಷೇರು ಕೊಟ್ಟೇ ಹಣ ತೆಗೆದುಕೊಳ್ಳಿ. ಕಂಪನಿ ಕಾಯ್ದೆಯ ಸೆಕ್ಷನ್ 42ರ ದಾರಿ ಹೀಗೆ: ನೋಂದಾಯಿತ ಮೌಲ್ಯಮಾಪಕರ ವರದಿ, ವಿಶೇಷ ನಿರ್ಣಯ, ಅದನ್ನು ಕಂಪನಿ ರಿಜಿಸ್ಟ್ರಾರರಿಗೆ ಎಂಜಿಟಿ-14 ಫಾರಂನಲ್ಲಿ ಸಲ್ಲಿಸುವುದು, ಆಮೇಲೆ ಹೆಸರು ಹಾಕಿದ ಪಿಎಎಸ್-4 ಎಂಬ ಷೇರು ಆಹ್ವಾನ ಪತ್ರ. ಒಂದು ಹಣಕಾಸು ವರ್ಷದಲ್ಲಿ 200 ಜನರನ್ನು ಮೀರಬಾರದು. ನಗದು ಬೇಡ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ, ಅದೂ ಪ್ರತ್ಯೇಕ ಖಾತೆಗೆ. ಹಣ ಬಂದ 60 ದಿನದೊಳಗೆ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ಹಿಂತಿರುಗಿಸಬೇಕು, ಅದೂ ತಪ್ಪಿದರೆ 12% ಬಡ್ಡಿ. ಹಂಚಿದ 15 ದಿನದೊಳಗೆ ಹಂಚಿಕೆಯ ವಿವರವನ್ನು ಪಿಎಎಸ್-3 ಫಾರಂನಲ್ಲಿ ಸಲ್ಲಿಸಬೇಕು.

ಜಾಹೀರಾತಿಗೂ ಏಜೆಂಟರಿಗೂ ಇಲ್ಲಿ ಜಾಗವಿಲ್ಲ. ಬೆಳೆಗಾರರ ವಾಟ್ಸ್ಯಾಪ್ ಗುಂಪಿಗೆ ಯೋಜನೆಯ ಪಿಡಿಎಫ್ ಬಿಡುವುದೂ ತೊಂದರೆಗೆ ದಾರಿ. ಷೇರು ಹಂಚಿದ ಮೇಲೆ 'ಬೇಡವಾದರೆ ವಾಪಸ್' ಎನ್ನಲೂ ಆಗುವುದಿಲ್ಲ, ಆದ್ದರಿಂದ ಹಾಗೆ ಬಾಯಿಮಾತು ಕೊಡಬೇಡಿ. ಎರಡನೆಯ ಸುತ್ತು ತೆರೆಯುವ ಮುಂಚೆ ಮೊದಲ ಸುತ್ತಿನ ಹಂಚಿಕೆ ಮುಗಿದಿರಬೇಕು.

ಹೊರದೇಶಕ್ಕೆ ಹಣ ಕಳಿಸುವಾಗ 2022ರ ಸಾಗರೋತ್ತರ ಹೂಡಿಕೆ ನಿಯಮ ಬರುತ್ತದೆ. ಬ್ಯಾಂಕಿನ ಮೂಲಕ ಫಾರಂ ಎಫ್‌ಸಿ ಕೊಟ್ಟು ಗುರುತಿನ ಸಂಖ್ಯೆ ಪಡೆದ ಮೇಲೆ ಕಳಿಸುವುದು. ಪ್ರತಿವರ್ಷ ಡಿಸೆಂಬರ್ 31ರೊಳಗೆ ಕಾರ್ಯನಿರ್ವಹಣಾ ವರದಿ. ತಾಲ್ಲೂಕಿನ ಶಾಖೆಯಲ್ಲಿ ಈ ಕೆಲಸ ನಡೆಯದಿರಬಹುದು. ಅದೇ ಬ್ಯಾಂಕಿನ ಬೆಂಗಳೂರು ಇಲ್ಲವೇ ಮಂಗಳೂರಿನ ವಿದೇಶಿ ವಿನಿಮಯ ಶಾಖೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಕೇಳುವ ಕಾಲವೂ ಮುಖ್ಯ. ನವೆಂಬರಿನಿಂದ ಮಾರ್ಚ್‌ವರೆಗೆ ತೋಟದಲ್ಲಿ ಕೊಯ್ಲು, ಆಳಿನ ಬಟವಾಡೆ. ರೊಬಸ್ಟಾ ಕೊಯ್ಲು ಮುಗಿದು ಮಾರಾಟವಾದ ಮೇಲೆ, ಮುಂಗಾರು ಹಿಡಿಯುವ ಮುಂಚೆ ಹೋಗಿ. ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿನಲ್ಲಿಟ್ಟು ಬೆಲೆ ಕಾಯುತ್ತಿರುವವರನ್ನು ಅವಸರಿಸಬೇಡಿ. ಅವರು ಅದನ್ನು ಅಡವಿಟ್ಟು ಸಾಲ ತಂದು ನಿಮ್ಮಲ್ಲಿ ಹಾಕುವಂತಾಗಬಾರದು.

ಷೇರುದಾರರ ಒಪ್ಪಂದದಲ್ಲಿ ಸ್ಲೂಸ್ ತೆರೆದು ಚಿನ್ನ ತೆಗೆಯುವ ಕ್ರಮವನ್ನೂ ಬರೆಯಿಸಿ. ಪೆಟ್ಟಿಗೆಗೆ ಎರಡು ಬೀಗ, ಒಂದು ಕೀಲಿ ಹೂಡಿಕೆದಾರರ ಪ್ರತಿನಿಧಿಯ ಬಳಿ. ತೆರೆದ ದಿನ ಇಬ್ಬರ ಎದುರು ತೂಕ, ತೊಳೆದ ಗರಸಿನ ಘನ ಮೀಟರ್, ಡೀಸೆಲ್ ಲೀಟರ್ ಒಂದೇ ಹಾಳೆಯಲ್ಲಿ, ಇಬ್ಬರ ಸಹಿಯೊಂದಿಗೆ. ಗಯಾನಾದಂಥ ಕಡೆ ಚಿನ್ನವನ್ನು ಸರ್ಕಾರದ ಮಂಡಳಿಗೆ ಅಥವಾ ಪರವಾನಗಿಯ ವ್ಯಾಪಾರಿಗೇ ಮಾರಬೇಕು. ಆ ರಸೀದಿಯ ಶುದ್ಧತೆ, ತೂಕ ಹಾಳೆಯ ತೂಕಕ್ಕೆ ಹೊಂದದಿದ್ದರೆ ಮುಂದಿನ ಕಂತು ಬಿಡುಗಡೆ ಮಾಡುವುದಿಲ್ಲ ಎಂಬ ಷರತ್ತು ಒಪ್ಪಂದದಲ್ಲೇ ಇರಲಿ.