ಏಳನೆಯ ದಿನವೂ ಮನೆಗೆ ಹೋಗಿ

ಎಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಒಳದಾರಿಗಳಲ್ಲಿ ಕೊಡೆ ಹಿಡಿದ ಟೀಚರುಗಳು ಇಬ್ಬಿಬ್ಬರಾಗಿ ಗುಡ್ಡ ಹತ್ತುವುದು ಕಂಡರೆ ಊರವರಿಗೆ ಕಾರಣ ಹೇಳಬೇಕಾಗಿಲ್ಲ. ಒಂದನೆಯ ತರಗತಿಗೆ ಮಕ್ಕಳನ್ನು ಹುಡುಕಿಕೊಂಡು ಹೊರಟವರು ಅವರು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ತರಗತಿಯ ಡಿವಿಷನ್ (ವಿಭಾಗ) ಉಳಿಯುವುದೂ ಟೀಚರುಗಳ ಹುದ್ದೆ ಉಳಿಯುವುದೂ ಅಂದಿನ ಲೆಕ್ಕದ ಮೇಲೆ. ಹಾಗಾಗಿ ಆ ಎರಡು ತಿಂಗಳು ಹೆತ್ತವರಿಗೆ ಸಿಗುವ ಮರ್ಯಾದೆ ಮದುವೆ ಮನೆಯ ಬೀಗರಿಗೂ ಸಿಗಲಾರದು. ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುವುದೇನು, ಅಜ್ಜಿಯ ಮಂಡಿನೋವು ವಿಚಾರಿಸುವುದೇನು, ದನ ಕರು ಹಾಕಿತೇ ಎಂದು ಕೇಳುವುದೇನು! ಆರನೆಯ ದಿನ ಕಳೆಯುತ್ತದೆ. ಏಳನೆಯ ದಿನದಿಂದ ಆ ಜಗಲಿಗೆ ಯಾರೂ ಬರುವುದಿಲ್ಲ.

ನಾನೂ ಹಾಗೆ ಹೋದವನು, ಹಾಗೆಯೇ ಮರೆತವನು. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನ ಈ ಮಾತುಗಳಲ್ಲಿ ಅರ್ಧದಷ್ಟು ನಾನು ತಪ್ಪಿ ಕಲಿತದ್ದೇ ಇದೆ.

ಹೆತ್ತವರು ನಮ್ಮ ಶಾಲೆಗಳಿಗೆ ಬರುವುದೇ ಇಲ್ಲವೆಂದಲ್ಲ. ಪ್ರವೇಶೋತ್ಸವಕ್ಕೆ ಮಾವಿನೆಲೆಯ ತೋರಣ ಕಟ್ಟುವವರು, ಓಣಂಗೆ ಪಾಯಸ ಕಾಯಿಸುವವರು, ಆಗಸ್ಟ್ 15ಕ್ಕೆ ಮೊದಲು ಅಂಗಳದ ಹುಲ್ಲು ಹೆರೆಯುವವರು, ಕಲೋತ್ಸವಕ್ಕೆ ಮಕ್ಕಳನ್ನು ಜೀಪಿನಲ್ಲಿ ತುಂಬಿಕೊಂಡು ಹೋಗುವವರು ಅವರೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್ಸ್ಟೈನ್ ಎಂಬ ವಿದ್ವಾಂಸರು ಶಾಲೆ ಮತ್ತು ಮನೆಯ ಸಹಭಾಗಿತ್ವವನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ: ಮಗುವನ್ನು ಬೆಳೆಸುವಲ್ಲಿ ನೆರವು, ಪರಸ್ಪರ ಮಾತುಕತೆ, ಸ್ವಯಂಸೇವೆ, ಮನೆಯಲ್ಲಿ ಕಲಿಕೆ, ತೀರ್ಮಾನಗಳಲ್ಲಿ ಪಾಲು, ಊರಿನೊಡನೆ ಸಹಕಾರ. ಈ ಪಟ್ಟಿ ಹಿಡಿದು ನೋಡಿದರೆ ಸ್ವಯಂಸೇವೆಯಲ್ಲಿ ನಮ್ಮ ಶಾಲೆಗಳಿಗೆ ನೂರಕ್ಕೆ ನೂರು ಅಂಕ ಕೊಡಬಹುದು. ಮನೆಯ ಕಲಿಕೆಯ ಕಾಲಂ ಮಾತ್ರ ಖಾಲಿ. ಪಾಯಸಕ್ಕೆ ಕರೆದವರನ್ನು ಪಾಠಕ್ಕೂ ಕರೆಯುವುದು ಹೇಗೆ? ಈ ಜೂನ್‌ನಿಂದಲೇ ಹೀಗೆ ಮಾಡಿ ನೋಡಬಹುದು.

ಮೊದಲ ಹೆಜ್ಜೆ: ಏಳನೆಯ ದಿನ, ಒಂದು ನೋಟ್‌ಬುಕ್

ತಲೆ ಎಣಿಕೆ ಮುಗಿದ ಮರುದಿನದಿಂದ ಮತ್ತೆ ಮನೆಗಳಿಗೆ ಹೊರಡಿ. ಮಳೆಗಾಲ, ತೋಡು ತುಂಬಿರುತ್ತದೆ, ಎಲ್ಲವೂ ಒಂದೇ ವಾರದಲ್ಲಿ ಆಗುವ ಕೆಲಸವಲ್ಲ. ವಾರಕ್ಕೆ ಮೂರು ಮನೆಯಂತೆ ಇಟ್ಟುಕೊಂಡರೆ 25 ಮಕ್ಕಳ ತರಗತಿಗೆ ಒಂಬತ್ತು ವಾರ ಸಾಕು. ಪ್ರತಿ ಮಗುವಿಗೆ ನೋಟ್‌ಬುಕ್ಕಿನ ಒಂದು ಪುಟ. ಅದರಲ್ಲಿ ನಾಲ್ಕೇ ಸಂಗತಿ: ಮನೆಯಲ್ಲಿ ಆಡುವ ಭಾಷೆ ಯಾವುದು, ಸಂಜೆ ಮಗುವಿನ ಪಕ್ಕ ಕುಳಿತುಕೊಳ್ಳುವವರು ಯಾರು, ಅವರು ಓದಬಲ್ಲ ಲಿಪಿ ಯಾವುದು, ಅವರಿಗೆ ಬಿಡುವು ಯಾವಾಗ. ಆದಾಯ, ಸಾಲ, ಮನೆಯ ಜಗಳ ಇವೆಲ್ಲ ನಮಗೆ ಬೇಡ. ಬರೆಯುವುದನ್ನು ಅವರೆದುರು ಬರೆಯಬೇಡಿ. ಜನಗಣತಿಗೆ ಬಂದವರಂತೆ ಕಾಣುತ್ತೀರಿ. ದಣಪೆ ದಾಟಿದ ಮೇಲೆ ಬರೆದುಕೊಳ್ಳಿ.

ಲಿಪಿಯ ಪ್ರಶ್ನೆ ಯಾಕೆಂದರೆ, ಸಪ್ತಭಾಷೆಗಳ ನಾಡೆಂದು ನಾವು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುವ ಆ ಏಳೂ ಭಾಷೆಗಳು ನಮ್ಮ ತರಗತಿಯ ಬೆಂಚಿನ ಮೇಲೆಯೇ ಕುಳಿತಿರುತ್ತವೆ. ತುಳು ಆಡುವ ತಾಯಿ ಓದುವುದು ಕನ್ನಡ. ಬ್ಯಾರಿ ಆಡುವ ಒಂದೇ ಮನೆಯಲ್ಲಿ ಅಣ್ಣ ಮಲಯಾಳ ಓದಿದವನು, ಅತ್ತಿಗೆ ಕನ್ನಡ ಓದಿದವಳು. ಕರ್ನಾಟಕದ ಕಡೆಯ ಪುತ್ತೂರು, ಬಂಟ್ವಾಳ, ಸುಳ್ಯದಿಂದ ಮದುವೆಯಾಗಿ ಬಂದವರಿಗೆ ಬಸ್ಸಿನ ಬೋರ್ಡಿನ ಮಲಯಾಳವೂ ಚಿತ್ರವೇ. ಕೊಂಕಣಿ, ಮರಾಠಿ, ಹವ್ಯಕ ಕನ್ನಡದ ಮನೆಗಳು ಬೇರೆ. ಅಪ್ಪ ಗಲ್ಫಿನಲ್ಲಿ, ಅಮ್ಮ ಬೀಡಿ ಕಟ್ಟುವುದರಲ್ಲಿ, ಮಗುವಿನ ಪುಸ್ತಕ ತೆರೆಸುವವರು ಅಜ್ಜಿ ಎಂದಾದರೆ, ನಿಮ್ಮ ಸಭೆಗೆ ಬರಬೇಕಾದವರು ಅಜ್ಜಿಯೇ.

ಕರೆಯುವ ಚೀಟಿ

ಒಂದು ವರ್ಷ ಮೇಲಿನಿಂದ ಬಂದ ಮಲಯಾಳ ಸುತ್ತೋಲೆಯನ್ನು ಹಾಗೆಯೇ ಜೆರಾಕ್ಸ್ ಮಾಡಿಸಿ ಮಕ್ಕಳ ಕೈಯಲ್ಲಿ ಕಳುಹಿಸಿದೆ. ಸಭೆಗೆ ಬಂದವರು ನಾಲ್ವರು. ಮರುದಿನ ಗೇಟಿನ ಬಳಿ ಒಬ್ಬ ತಾಯಿ, “ಮಾಸ್ಟ್ರೇ, ಚುಚ್ಚುಮದ್ದಿನ ಚೀಟಿಗೆ ಸಹಿ ಹಾಕಿ ಕಳುಹಿಸಿದ್ದೇನೆ, ಸಿಕ್ಕಿತಲ್ಲ?” ಎಂದು ಕೇಳಿದರು. ಸಭೆಗೆ ಯಾಕೆ ಬರಲಿಲ್ಲವೆಂದು ಗದರಬೇಕೆಂದುಕೊಂಡಿದ್ದವನು ಸುಮ್ಮನಾದೆ.

ಚೀಟಿ ಮೂರು ಸಾಲು ಮೀರಬಾರದು, ಓದುವವರ ಲಿಪಿಯಲ್ಲಿರಬೇಕು. “ಕಡ್ಡಾಯವಾಗಿ ಹಾಜರಾಗತಕ್ಕದ್ದು” ಎಂಬುದು ನ್ಯಾಯಾಲಯದ ಭಾಷೆ. ಬದಲಿಗೆ ಹೀಗೆ ಬರೆಯಿರಿ: “ನಿಮ್ಮ ಮಗಳು ಈಗ ಓದುತ್ತಿರುವ ಪಾಠವನ್ನು ಅವಳ ಜೊತೆ ಕುಳಿತು ನೋಡಲು ಬನ್ನಿ. ಗುರುವಾರ ಮೂರು ಗಂಟೆಗೆ, ನಲವತ್ತು ನಿಮಿಷ. ಹಣ, ಸಹಿ ಏನೂ ಬೇಡ.” ಕೊನೆಯ ವಾಕ್ಯವನ್ನು ಮರೆಯಬೇಡಿ, ಜನ ಮೊದಲು ಓದುವುದು ಅದನ್ನೇ. ಓದು ಬಾರದವರಿಗೆ ತುಳುವಿನಲ್ಲೋ ಮಲಯಾಳದಲ್ಲೋ ಅರ್ಧ ನಿಮಿಷದ ಧ್ವನಿ ಸಂದೇಶ ಕಳುಹಿಸಿ. ಶುಕ್ರವಾರ ನಡುಹಗಲು ಬೇಡ, ಅದು ಜುಮಾ ಹೊತ್ತು. ಬೀಡಿ ಒಪ್ಪಿಸುವ ದಿನ, ಉದ್ಯೋಗ ಖಾತ್ರಿಯ ಕೆಲಸವಿರುವ ವಾರ, ಅಡಿಕೆ ಕೊಯ್ಲಿನ ದಿನಗಳು, ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತು ಇವಿಷ್ಟನ್ನು ನೋಟ್‌ಬುಕ್ಕಿನಲ್ಲಿ ನೋಡಿಯೇ ದಿನ ಗೊತ್ತುಮಾಡಿ.

ಮೊದಲ ಸಭೆಯಲ್ಲಿ ಅಂಕಪಟ್ಟಿ ತೆರೆಯಬೇಡಿ

ತರಗತಿಯ ರಕ್ಷಕ-ಶಿಕ್ಷಕ ಸಭೆಯೆಂದರೆ ಅಧ್ಯಕ್ಷ ಭಾಷಣ, ಸ್ವಾಗತ, ಧನ್ಯವಾದ, ನಡುವೆ ಅಂಕ ಓದುವುದು ಎಂದಾಗಿಬಿಟ್ಟಿದೆ. ಎಲ್ಲರೆದುರು ಮಗನ ಅಂಕ ಕೇಳಿಸಿಕೊಂಡು ತಲೆ ತಗ್ಗಿಸಿದ ತಾಯಿ ಎರಡನೆಯ ಸಭೆಗೆ ಬರುವುದಿಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಮೊದಲ ಸಭೆಯಲ್ಲಿ ಅವರನ್ನು ಮಕ್ಕಳನ್ನಾಗಿ ಮಾಡಿ. ಪಠ್ಯಪುಸ್ತಕ ಕೊಟ್ಟು ಅದರ ಒಂದು ಚಟುವಟಿಕೆಯನ್ನು ಗುಂಪಿನಲ್ಲಿ ಮಾಡಿಸಿ. ಇದಕ್ಕೆ ಕಾರಣವಿದೆ. ಕೇರಳದ ಪ್ರಾಥಮಿಕ ತರಗತಿಗಳಲ್ಲಿ 1990ರ ದಶಕದ ಕೊನೆಯಿಂದ ಚಟುವಟಿಕೆ ಆಧಾರಿತ ಕಲಿಕೆ ಬಂದಿದೆ. ಪಾಠದ ಕೊನೆಗೆ ಪ್ರಶ್ನೆ, ಅದಕ್ಕೆ ಬಾಯಿಪಾಠದ ಉತ್ತರ ಎಂಬ ಕ್ರಮದಲ್ಲಿ ಕಲಿತ ಅಪ್ಪ ಅಮ್ಮನಿಗೆ ಈ ಪುಸ್ತಕ ಕೈಗೆ ಸಿಗುವುದಿಲ್ಲ. “ಇದರಲ್ಲಿ ಓದಲಿಕ್ಕೆ ಏನೂ ಇಲ್ಲವಲ್ಲ ಟೀಚರೇ” ಎನ್ನುತ್ತಾರೆ, ನೇರ ಟ್ಯೂಷನ್ನಿಗೆ ಕಳುಹಿಸುತ್ತಾರೆ. ಒಮ್ಮೆ ತಾವೇ ಕುಳಿತು ಎಲೆಗಳನ್ನು ಆಕಾರದ ಪ್ರಕಾರ ವಿಂಗಡಿಸಿ, ಪಟ್ಟಿ ಬರೆದು, ಅದರ ಬಗ್ಗೆ ನಾಲ್ಕು ವಾಕ್ಯ ಹೇಳಿದರೆ ಪುಸ್ತಕ ಏನು ಕೇಳುತ್ತಿದೆ ಎಂಬುದು ತಿಳಿಯುತ್ತದೆ.

ಆ ದಿನವೇ ಹೇಳಬೇಕಾದ ಇನ್ನೊಂದು ಮಾತು ಉಚ್ಚಾರದ್ದು. ಆಡುಮಾತಿನ ತುಳುವಿನಲ್ಲಿ ಮಹಾಪ್ರಾಣಕ್ಕೆ ಜಾಗವಿಲ್ಲ. ತುಳು ಮನೆಯ ಮಗು ‘ಧನ’ವನ್ನು ‘ದನ’ ಎಂದು ಬರೆದರೆ ಅದು ದಡ್ಡತನವಲ್ಲ, ಕಿವಿಗೆ ಬಿದ್ದಂತೆ ಬರೆದದ್ದು. ಇದನ್ನು ಹೇಳಿದರೆ ಮನೆಯಲ್ಲಿ ಒಂದೆರಡು ಪೆಟ್ಟು ಕಡಿಮೆಯಾಗುತ್ತದೆ. ‘ಮನೆಯಲ್ಲಿ ಕನ್ನಡವನ್ನೇ ಮಾತಾಡಿ’ ಎಂಬ ಉಪದೇಶವನ್ನು ಮಾತ್ರ ಮಾಡಬೇಡಿ. ಅಜ್ಜಿ ತುಳುವಿನಲ್ಲೇ ಕತೆ ಹೇಳಲಿ. ಕತೆ ಕೇಳಿ ಬೆಳೆದ ಮಗುವಿಗೆ ಕನ್ನಡದ ಕತೆಯೂ ಬೇಗ ಹತ್ತುತ್ತದೆ.

ಮನೆಯನ್ನು ಕೇಳುವ ಮನೆಗೆಲಸ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. “ನನಗೇ ಓದಲು ಬಾರದು, ನಾನೇನು ಹೇಳಿಕೊಡಲಿ?” ಎಂಬುದು ಹೆತ್ತವರ ದೊಡ್ಡ ಅಡ್ಡಿ. ಅವರು ಎರಡನೆಯ ಟೀಚರ್ ಆಗಬೇಕಾಗಿಲ್ಲ. ಅವರಿಗೆ ಗೊತ್ತಿರುವುದನ್ನೇ ಮಗು ಕೇಳಿಕೊಂಡು ಬರುವಂಥ ಮನೆಗೆಲಸವನ್ನು ನಾವು ಕೊಡಬೇಕು.

ಅಡಿಕೆ ಇರುವ ಮನೆಯಾದರೆ ಹಣ್ಣಡಿಕೆ ಹತ್ತನ್ನು ಬೇರೆ ಇಟ್ಟು ತೂಗಿಸಿ. ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆಗೆ ನಲವತ್ತು ದಿನಗಳ ಆಸುಪಾಸು ಬಿಸಿಲು ಬೇಕು. ವಾರಕ್ಕೊಮ್ಮೆ ಅದೇ ಹತ್ತನ್ನು ಪುನಃ ತೂಗಿ ಬರೆದರೆ ನಾಲ್ಕನೆಯ ತರಗತಿಯ ಮಗುವಿಗೆ ವ್ಯವಕಲನ, ಪಟ್ಟಿ, ಸ್ತಂಭಾಲೇಖ ಮೂರೂ ಅಂಗಳದಲ್ಲೇ ಸಿಕ್ಕಿತು. ‘ನೀರು ಎಲ್ಲಿಗೆ ಹೋಯಿತು?’ ಎಂದು ಮಗು ಕೇಳಿದರೆ ವಿಜ್ಞಾನವೂ ಶುರು. ತೂಗುವವರು ಅಪ್ಪ, ಬರೆಯುವವನು ಮಗ.

ಬೀಡಿ ಕಟ್ಟುವ ಮನೆಯಾದರೆ? ಕಟ್ಟಿಗೆ 25ರಂತೆ ಸಾವಿರ ಬೀಡಿಗೆ 40 ಕಟ್ಟು. ಅಮ್ಮ ದಿನಕ್ಕೆ ಎಷ್ಟು ಕಟ್ಟುತ್ತಾರೆ, ವಾರಕ್ಕೆಷ್ಟು, ಕೂಲಿ ಎಷ್ಟು? “ಶಾಲೆಯಲ್ಲಿ ಬೀಡಿಯ ಲೆಕ್ಕವೇ?” ಎಂದು ಸಹೋದ್ಯೋಗಿಯೊಬ್ಬರು ಮುಖ ಸಿಂಡರಿಸಿದ್ದರು. ಮಗುವಿನ ಕೈಗೆ ಎಲೆಯನ್ನಾಗಲಿ ಹೊಗೆಸೊಪ್ಪನ್ನಾಗಲಿ ಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಮಗುವಿನ ಕೊಡೆ, ಚೀಲ, ನೋಟ್‌ಬುಕ್ ಬಂದದ್ದು ಆ ದುಡಿಮೆಯಿಂದ. ಅದನ್ನು ಗಣಿತದ ತರಗತಿಯಲ್ಲಿ ಹೆಸರಿಸಲು ನಾಚಿಕೊಂಡರೆ ಆ ತಾಯಿಯನ್ನು ಶಾಲೆಗೆ ಕರೆದು ಏನು ಪ್ರಯೋಜನ?

ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗ ನಮ್ಮ ಸೀಮೆಯ ವಿಶೇಷ. ಸುರಂಗವಿರುವ ಮನೆಯ ಮಗು ಅಜ್ಜನನ್ನು ಕೇಳಲಿ: ಯಾರು ಕೊರೆದದ್ದು, ನೀರು ಸಿಗಲು ಎಷ್ಟು ಸಮಯ ಹಿಡಿಯಿತು, ದೀಪಕ್ಕೆ ಏನು ಮಾಡಿದರು, ಮಣ್ಣು ಹೊತ್ತವರು ಯಾರು. ಅಜ್ಜ ಉದ್ದವನ್ನು ಮೀಟರಿನಲ್ಲಿ ಹೇಳುವುದಿಲ್ಲ, ಕೋಲಿನಲ್ಲಿ ಹೇಳುತ್ತಾರೆ. ಕೋಲೆಂದರೆ ಸುಮಾರು ಎರಡೂವರೆ ಅಡಿ. ನಲವತ್ತು ಕೋಲೆಂದರೆ ನೂರು ಅಡಿ, ಮೂವತ್ತು ಮೀಟರಿನಷ್ಟು. ಈ ಲೆಕ್ಕವನ್ನು ಮರುದಿನ ತರಗತಿಯಲ್ಲಿ ಮಾಡಿಸಿ. ಮಕ್ಕಳು ಸುರಂಗದ ಒಳಗೆ ಹೋಗಬಾರದೆಂದು ಮಾತ್ರ ಚೀಟಿಯಲ್ಲಿಯೇ ಬರೆಯಿರಿ.

ಗಲ್ಫಿನಲ್ಲಿರುವ ಅಪ್ಪಂದಿರನ್ನು ನಾವು ಲೆಕ್ಕದಿಂದ ಬಿಟ್ಟೇಬಿಟ್ಟಿದ್ದೇವೆ. ಅವರಿಗೂ ಒಂದು ಕೆಲಸವಿದೆ. ವಾರದ ರಜೆಯ ದಿನ ವಿಡಿಯೊ ಕರೆಯಲ್ಲಿ ಮಗು ಒಂದು ಪುಟ ಓದಿ ಹೇಳಲಿ, ಅಪ್ಪ ಕೇಳಿ ಒಂದು ಪ್ರಶ್ನೆ ಹಾಕಲಿ. ಅಪ್ಪನಿಗೆ ಕನ್ನಡ ಓದು ಬಾರದಿದ್ದರೂ ಅಡ್ಡಿಯಿಲ್ಲ, ಕೇಳಲಿಕ್ಕೆ ಲಿಪಿ ಬೇಡವಲ್ಲ.

ತರಗತಿಯೊಳಗೆ

ತಿಂಗಳಿಗೆ ಒಬ್ಬರು ಸಾಕು. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ತೆಂಕುತಿಟ್ಟಿನ ಚೆಂಡೆ, ಮದ್ದಳೆ ಬಲ್ಲ ಅಪ್ಪನೋ ಮಾವನೋ ಇಲ್ಲದ ತರಗತಿ ಈ ಕಡೆ ಅಪರೂಪ. ತ್ರಿವುಡೆ ತಾಳಕ್ಕೆ ಏಳಕ್ಷರ, ಝಂಪೆಗೆ ಹತ್ತು. ಏಳರ ಮಗ್ಗಿಯಲ್ಲಿ ಎಡವುವ ಮಕ್ಕಳಿಗೆ ತ್ರಿವುಡೆಯ ಸುತ್ತುಗಳನ್ನು ಎಣಿಸಲು ಕೊಟ್ಟು ನೋಡಿ. ಮೇಸ್ತ್ರಿ ಬಂದರೆ ಗೋಡೆಗೆ ಎಷ್ಟು ಕಲ್ಲು ಬೇಕೆಂದು ಅಂದಾಜು ಮಾಡುವುದನ್ನು ತೋರಿಸಲಿ, ದರ್ಜಿ ಅಳತೆಯ ಟೇಪನ್ನು ತರಲಿ.

ಬರುವವರ ಜೊತೆ ಹಿಂದಿನ ದಿನವೇ ಕುಳಿತು ಏನು ಕೇಳುತ್ತೇವೆ, ಯಾವ ಪಾಠಕ್ಕೆ ಇದು ಸೇರುತ್ತದೆ ಎಂದು ಮಾತಾಡಿಕೊಳ್ಳಿ. ಪೀರಿಯಡ್ ಮುಗಿಯುವ ತನಕ ಟೀಚರ್ ತರಗತಿಯಲ್ಲೇ ಇರಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡ. ಶಾಲು ಹೊದೆಸಿದ ಕ್ಷಣದಿಂದ ಅವರು ಅತಿಥಿಯಾಗುತ್ತಾರೆ, ಭಾಷಣ ಮಾಡಲು ತೊಡಗುತ್ತಾರೆ.

ಹಿಂದೆ ಬಿದ್ದ ಮಗುವಿನ ವಿಷಯ

ಓಣಂ ಪರೀಕ್ಷೆಯ ಬಳಿಕ ಇದು ಬಂದೇ ಬರುತ್ತದೆ. ಒಬ್ಬೊಬ್ಬರನ್ನೇ ಕರೆಯಿರಿ, ಮೇಜಿನ ಆಚೆ ಈಚೆ ಅಲ್ಲ, ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳಿ. ಅಂಕದ ಬದಲು ಜೂನ್ ತಿಂಗಳ ಒಂದು ಪುಟ, ಸೆಪ್ಟೆಂಬರಿನ ಒಂದು ಪುಟ ಪಕ್ಕದಲ್ಲಿಟ್ಟು ತೋರಿಸಿ. ಅಕ್ಷರ ಬಾರದ ತಾಯಿಗೂ ವ್ಯತ್ಯಾಸ ಕಾಣುತ್ತದೆ. ಆಮೇಲೆ ನೀವು ಬಾಯಿ ಮುಚ್ಚಿ ಅವರನ್ನು ಕೇಳಿ: ಮನೆಯಲ್ಲಿ ಹೇಗಿರುತ್ತಾನೆ? ಹೀಗೆ ಕೇಳಿದ್ದಕ್ಕೇ ಒಮ್ಮೆ ಹುಡುಗನೊಬ್ಬ ಟಿವಿಯನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾನೆಂದು ತಿಳಿಯಿತು. ಅವನಿಗೆ ಬೇಕಾಗಿದ್ದದ್ದು ಕನ್ನಡಕ, ನಾನು ಮೂರು ತಿಂಗಳಿಂದ ಬೈದು ಬರೆಯಿಸುತ್ತಿದ್ದೆ. ಕೊನೆಗೆ ಒಂದೇ ಒಂದು ಕೆಲಸ ಒಪ್ಪಿಕೊಳ್ಳಿ, ಪುನಃ ಭೇಟಿಯಾಗುವ ದಿನವನ್ನು ಅಲ್ಲೇ ಹೇಳಿ.

ಸಮಿತಿಯಲ್ಲಿ

2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಸೆಕ್ಷನ್ ಪ್ರಕಾರ ಶಾಲಾ ಆಡಳಿತ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಹೆತ್ತವರು ಅಥವಾ ರಕ್ಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನಿತ ಶಾಲೆಗಳಲ್ಲಿ 2012ರ ತಿದ್ದುಪಡಿಯ ಬಳಿಕ ಇದರದ್ದು ಸಲಹೆಯ ಕೆಲಸ ಮಾತ್ರ. ಸಲಹೆಯಾದರೂ ಸರಿ, ಕಾರ್ಯಸೂಚಿಯಲ್ಲಿ ಪೈಂಟು, ಶೌಚಾಲಯ, ಬಸ್ಸಿಗೆ ಮೊದಲು ಒಂದು ಸಾಲು ಕಲಿಕೆಯದ್ದಿರಲಿ. ‘ಮೂರನೆಯ ತರಗತಿಯಲ್ಲಿ ಎಷ್ಟು ಮಕ್ಕಳು ತಡೆಯಿಲ್ಲದೆ ಒಂದು ಪುಟ ಓದುತ್ತಾರೆ?’ ಎಂಬಷ್ಟು ನೇರವಾಗಿ. ಕೊನೆಗಿಟ್ಟರೆ ಅಷ್ಟರಲ್ಲಿ ಚಹಾ ಬಂದಿರುತ್ತದೆ.

ಮಾರ್ಚ್ ಬಂದಾಗ

ವಾರ್ಷಿಕ ಪರೀಕ್ಷೆ ಮುಗಿದ ವಾರ ಆ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮುಂದಿನ ತರಗತಿಯ ಟೀಚರ್ ಜೊತೆ ಒಂದು ಮಧ್ಯಾಹ್ನ ಕುಳಿತು ಪುಟ ಪುಟ ತಿರುವಿ ಹೇಳಿ: ಇವನ ಅಮ್ಮನಿಗೆ ಕನ್ನಡ ಚೀಟಿ ಆಗುತ್ತದೆ, ಇವಳ ಅಜ್ಜಿಗೆ ಧ್ವನಿ ಸಂದೇಶವೇ ಬೇಕು, ಈ ಮನೆಗೆ ಗುರುವಾರ ಹೋಗಬೇಡಿ, ಅಂದು ಬೀಡಿ ಒಪ್ಪಿಸುವ ದಿನ. ಎಪ್ರಿಲ್‌ನಲ್ಲಿ ಕೊಡೆ ಹಿಡಿದು ಹೊರಡುವಾಗಲೂ ಆ ನೋಟ್‌ಬುಕ್ ಚೀಲದಲ್ಲಿರಲಿ. ತಮ್ಮನನ್ನು ಕೇಳಲು ಹೋದ ಮನೆಯಲ್ಲಿ ಅಕ್ಕ ಅಡಿಕೆ ತೂಗಿ ಬರೆದ ಪಟ್ಟಿಯ ಮಾತು ಮೊದಲು ತೆಗೆಯಿರಿ.