ಲಕ್ಷ್ಮೀಪೂಜೆಯ ದಿನ ದೆವ್ವಗಳ ಬೀದಿಯಲ್ಲಿ

2024ರಲ್ಲಿ ನಮಗಿಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲಕ್ಷ್ಮೀಪೂಜೆ, ಹ್ಯಾಲೊವೀನ್ ಎರಡೂ ಒಂದೇ ದಿನ ಬಂದವು, ಅಕ್ಟೋಬರ್ 31. ಹ್ಯಾಲೊವೀನ್ ಅಂದರೆ ಮನೆ ಮುಂದೆ ದೆವ್ವ, ಅಸ್ಥಿಪಂಜರ ನಿಲ್ಲಿಸಿ, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ ಇಲ್ಲಿನ ಹಬ್ಬ. ಚಿತ್ರದುರ್ಗದಿಂದ ಬಂದಿದ್ದ ನಮ್ಮ ಅತ್ತೆ ಮುಖ ಸಿಂಡರಿಸಿದರು. "ಹಬ್ಬದ ದಿನ ತಲೆಬುರುಡೆ ನೋಡೋಕೆ ಹೋಗ್ತೀರೇನೇ?" ಏಳು ವರ್ಷದ ಮಗಳು ಬಿಡಬೇಕಲ್ಲ. ಎಂಟು ಗಂಟೆಯೊಳಗೆ ಬಂದು ದೀಪ ಹಚ್ಚುವುದು ಅಂತ ರಾಜಿಯಾಯಿತು. ಅತ್ತೆಯೂ ಹೊರಟರು.

ನಾವು ಹೋಗಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಫೇರ್ ಓಕ್ಸ್ ಸ್ಟ್ರೀಟ್‌ಗೆ. ಗೆರೆರೋ, ಡೊಲೊರೆಸ್ ರಸ್ತೆಗಳ ನಡುವಿನ ಪುಟ್ಟ ಬೀದಿ, 21ರಿಂದ 26ನೇ ಸ್ಟ್ರೀಟ್‌ವರೆಗೆ ಅಷ್ಟೇ. ಹಳೇ ವಿಕ್ಟೋರಿಯನ್ ಮರದ ಮನೆಗಳು. ಬಾಗಿಲಿನಿಂದ ನೇರ ಬೀದಿಗೇ ಮೆಟ್ಟಿಲು. ಆ ಮೆಟ್ಟಿಲುಗಳೇ ಅಲ್ಲಿನ ರಂಗಸ್ಥಳ.

ಎರಡು ವರ್ಷದ ಹಿಂದೆ ಕಾರಲ್ಲಿ ಹೋಗಿ ಕೆಟ್ಟಿದ್ದೆ. ಪಾರ್ಕಿಂಗ್ ಹುಡುಕಿ ಹುಡುಕಿ ಮುಕ್ಕಾಲು ಗಂಟೆ ಸುತ್ತಿದೆ, ಅಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ಈ ಸಲ ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹಿಡಿದೆವು. 24ನೇ ಸ್ಟ್ರೀಟ್ ಮಿಷನ್ ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಬೀದಿಯೇ ಬಂತು. ಆ ಸಂಜೆ ಅಲ್ಲಿ ಕಾರುಗಳನ್ನು ಬಿಡುವುದಿಲ್ಲ, ಮಕ್ಕಳ ಕೈ ಬಿಟ್ಟು ನಡೆಯಬಹುದು.

ಬೆಳಕಿರುವಾಗಲೇ ಹೋಗಿ. ಸೂರ್ಯ ಮುಳುಗೋದು ಆರು ದಾಟಿದ ಮೇಲೆ, ಐದಕ್ಕೆಲ್ಲ ಚಿಕ್ಕ ಮಕ್ಕಳು ಬಂದಿರುತ್ತಾರೆ. ಹಗಲಲ್ಲಿ ದೆವ್ವದ ಹಿಂದಿನ ತಂತಿ, ಹಗ್ಗ ಎಲ್ಲ ಕಾಣುತ್ತೆ, ಹಾಗಾಗಿ ಕತ್ತಲಾದಾಗ ಹೆದರಿಕೆ ಕಮ್ಮಿ. 2020ರಲ್ಲಿ ಮಾರುಕಟ್ಟೆಗೆ ಬಂದ 12 ಅಡಿ ಅಸ್ಥಿಪಂಜರ ಈಗ ಈ ದೇಶದಲ್ಲಿ ಎಲ್ಲಿ ಹೋದರೂ ಕಾಣುತ್ತೆ. ನನಗೆ ಅದಕ್ಕಿಂತ ಮನೆಯವರೇ ಕೆತ್ತಿಟ್ಟ ಕುಂಬಳಕಾಯಿಗಳು ಇಷ್ಟ. ಅತ್ತೆ ಒಂದನ್ನು ಬಗ್ಗಿ ನೋಡಿ, "ನಮ್ಮಲ್ಲಿ ಹೊಸ ಮನೆಗೆ ಬೂದುಗುಂಬಳ ಕಟ್ಟಿ ಮುಖ ಬರೀತೀವಲ್ಲ, ಇದು ಅದೇ" ಅಂದರು. ಕೆತ್ತಿದ ಕುಂಬಳಕಾಯಿ ಒಳಗೆ ಹೊಗೆ ಹಿಡಿದು ಕಪ್ಪಾಗಿತ್ತು. ಬೆಂದ ಕುಂಬಳದ ವಾಸನೆ ಬೀದಿ ತುಂಬಾ.

ಮಗಳು ಒನಕೆ ಓಬವ್ವ. ಕಚ್ಚೆ ಸೀರೆಯ ಮೇಲೆ ಜಾಕೆಟ್, ಯಾಕೆಂದರೆ ಅಲ್ಲಿನ ಗಾಳಿಗೆ ಮೈ ನಡುಗುತ್ತೆ. ರಟ್ಟಿನ ಕೊಳವೆಗೆ ಕಂದು ಕಾಗದ ಸುತ್ತಿದ ಒನಕೆ. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಕಡಲ್ಗಳ್ಳನ ವೇಷದ ತಾತ "ನೀನು ಯಾರು?" ಅಂತ ಕೇಳಿದ. ಇವಳು ಗೇಟಿನ ಸಂದು ತೋರಿಸಿ, ಕಿಂಡಿಯಲ್ಲಿ ಸೈನಿಕರು ಒಬ್ಬೊಬ್ಬರೇ ತಲೆ ಹಾಕಿದ್ದು, ಓಬವ್ವ ಹೊಡೆದಿದ್ದು ಎಲ್ಲ ಮಾಡಿ ತೋರಿಸಿದಳು. ತಾತ ಎರಡು ಚಾಕೊಲೇಟ್ ಕೊಟ್ಟ. ಅತ್ತೆಯ ಬಿಗುಮಾನ ಅಲ್ಲಿಗೆ ಮುಗಿಯಿತು.

ಒಂದು ಮಾತು. ನಾವು ಹೊರಗಿನವರು. ನಮ್ಮಂಥವರೆಲ್ಲ ಸುಮ್ನೆ ಚೀಲ ಹಿಡಿದು ಹೋದರೆ ಮನೆಯವರ ಗತಿ ಏನು? ನಾನು ಒಂದು ದೊಡ್ಡ ಪ್ಯಾಕೆಟ್ ಚಾಕೊಲೇಟ್ ಒಯ್ದು, ಬುಟ್ಟಿ ಖಾಲಿಯಾಗುತ್ತಿದ್ದ ಮನೆಗೆ ಕೊಟ್ಟೆ. ಆ ಹೆಂಗಸು ನನ್ನನ್ನು ಅಪ್ಪಿಕೊಂಡಿದ್ದೇ! ಬಾಗಿಲಲ್ಲಿ ಹಸಿರು-ನೀಲಿ ಬಣ್ಣದ ಕುಂಬಳಕಾಯಿ ಇದ್ದರೆ ಅಲ್ಲಿ ತಿಂಡಿಯಲ್ಲದ ಸಣ್ಣ ಆಟಿಕೆ ಸಿಗುತ್ತೆ ಅಂತ ಅರ್ಥ. ನೆಲಗಡಲೆ ಅಲರ್ಜಿ ಇರುವ ಮಕ್ಕಳಿಗೆ ಅದು ವರ.

ವಾಪಸ್ ಬರುವಾಗ 24ನೇ ಸ್ಟ್ರೀಟ್ ತುಂಬಾ ಚೆಂಡುಹೂ. ಮಿಷನ್ ಎಂಬ ಆ ಬಡಾವಣೆಯ ಮೆಕ್ಸಿಕನ್ ಜನ ನವೆಂಬರ್ 1, 2ಕ್ಕೆ ತೀರಿಕೊಂಡವರ ನೆನಪಿಗೆ ಈ ಹೂವಿಡುತ್ತಾರೆ. ಈ ಹೂವಿನ ಮೂಲವೂ ಮೆಕ್ಸಿಕೋನೇ ಅಂದಾಗ ಅತ್ತೆ ನಂಬಲಿಲ್ಲ. ಎರಡು ಕಟ್ಟು ಕೊಂಡರು.

ಎಂಟಕ್ಕೆ ಹತ್ತು ನಿಮಿಷ ಇರುವಾಗ ಮನೆ ಸೇರಿದೆವು. ಲಕ್ಷ್ಮಿಗೆ ಅದೇ ಹೂವು. ಪೂಜೆಯಾದ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಚಾಕೊಲೇಟ್ ರಾಶಿಯ ಮುಂದೆ ಕೂತು, ಒಂದೊಂದೇ ಹೊದಿಕೆ ದೀಪಕ್ಕೆ ಹಿಡಿದು, "ಇದ್ರಲ್ಲಿ ಜೆಲಾಟಿನ್ ಇದ್ಯಾ ನೋಡೇ" ಅಂತ ಬೇರೆ ಮಾಡತೊಡಗಿದರು. ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಅಂಟು ಅದು. ಕ್ಯಾಂಡಿ ಕಾರ್ನ್, ಗಮ್ಮಿ ಎಲ್ಲ ಮರುದಿನ ನಮ್ಮವರ ಆಫೀಸಿಗೆ ಹೋದವು.